ತೊರೆಗಳ ಆಮ್ಲಜನಕಗ್ರಹಣವೂ ಅದರ ಮಾಪನವೂ

ಕೊಳಚೆಯನ್ನು ಹೊತ್ತ ತೊರೆಯಲ್ಲಿ ಮೀನುಗಳ ಅಳಿವು ಉಳಿವುಗಳು, ನೀರು ಗಾಳಿಯಿಂದ ಆಮ್ಲಜನಕವನ್ನು ಹೀರುವ ವೇಗವನ್ನು ಬಹುಮಟ್ಟಿಗೆ ಅವಲಂಬಿಸಿರುವುವು. ನೀರಿನಲ್ಲಿ ವಿಲೀನವಾದ ಆಮ್ಲಜನಕವನ್ನು ಅಳೆಯುವ ರಾಸಾಯನಿಕ ಕ್ರಮವನ್ನು ವಿಂಕ್ಲರನು 1888ರಲ್ಲಿ ಪ್ರಕಟಿಸಿದನು. 1925ರಲ್ಲಿ ಸ್ಟ್ರೀಟರ್, ಫೆಲ್ಪ್ಸ್ ಎಂಬ ಅಮೆರಿಕದ ಶೋಧಕರು ಓಹಿಯೋ ನದಿಯನ್ನು ಪರಿಶೀಲಿಸಿ, ಆಮ್ಲಜನಕದ ಆಯವ್ಯಯಗಳನ್ನು ಒಂದೇ ಸಮೀಕರಣದಲ್ಲಿ ಅಡಕಗೊಳಿಸಿದರು. ಆದರೆ ಅಲ್ಲಿ ಆಯವು ನೇರವಾಗಿ ಅಳೆದುದಲ್ಲ, ಗಣನೆಯಿಂದ ತೆಗೆದುದು. ಆದಕಾರಣ ವ್ಯಯದ ಎಣಿಕೆಯ ದೋಷವು ಅದಕ್ಕೂ ತಗಲುತ್ತಿದ್ದಿತು.

ಕಿರುತೊರೆಗಳಲ್ಲಿ ಈ ತೊಡಕನ್ನು ನೀಗಲು ಬೇರೆ ಉಪಾಯಗಳು ಹುಟ್ಟಿದುವು. ಇಂಗ್ಲೆಂಡಿನಲ್ಲಿ ಓವೆನ್ಸ್, ಎಡ್ವರ್ಡ್ಸ್, ಗಿಬ್ಸ್ ಇವರು 1964ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸೋಡಿಯಂ ಸಲ್ಫೈಟಿನಿಂದ ನೀರಿನ ಆಮ್ಲಜನಕವನ್ನು ಕುಂದಿಸಿ, ಅದು ಮರಳಿ ತುಂಬುವ ಪರಿಯನ್ನು ಅಳೆದರು. ಅದೇ ದಶಕದಲ್ಲಿ ಅಮೆರಿಕದ ಸಿವೋಗ್ಲೂ, ವಿಕಿರಣಶೀಲವಾದ ಕ್ರಿಪ್ಟಾನ್-85 ಅನಿಲವನ್ನು ನೀರಿನಲ್ಲಿ ಬೆರೆಸಿದನು. ಜೀವಿಗಳು ಬಳಸದ ಈ ಅನಿಲವು ಗಾಳಿಗೆ ಹೊರಡುವ ವೇಗವು ಆಮ್ಲಜನಕವು ಒಳಸೇರುವ ವೇಗದ ಸುಮಾರು 0.83ರಷ್ಟು. ಹೀಗೆ, ಒಳಬರುವುದನ್ನು ಹೊರಹೋಗುವುದರಿಂದ ಅರಿಯುವುದು ಸಾಧ್ಯವಾಯಿತು. ತೊರೆಯು ತಾಳಬಲ್ಲ ಕೊಳಚೆಯ ಮಿತಿಯನ್ನು ನಿರ್ಣಯಿಸಲು ಆಧಾರವೂ ದೊರೆಯಿತು.