ಉಕ್ಕಿನೊಳಗಿನ ಇಂಗಾಲ

ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಹೊರಬೀಳುವ ಭತ್ತದ ಹೊಟ್ಟಿಗೂ ಉಕ್ಕಿಗೂ ಹಳೆಯ ನಂಟಿದೆ. ಹಿಂದೆ ದಕ್ಷಿಣ ಭಾರತದಲ್ಲಿ ಉಕ್ಕು ತಯಾರಿಸುತ್ತಿದ್ದವರು ಜೇಡಿಮಣ್ಣಿಗೆ ಇದೇ ಹೊಟ್ಟನ್ನು ಕಲಸಿ ಮೂಸೆ ಮಾಡುತ್ತಿದ್ದರು. ಹೊಟ್ಟು ಸುಟ್ಟು ಉಳಿಯುವ ಸಿಲಿಕಾದಿಂದ ಮೂಸೆ ಭಾರಿ ಕಾವನ್ನೂ ತಡೆಯುತ್ತಿತ್ತು.

ಒಳಗೆ ಏನಿರುತ್ತಿತ್ತು? 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ: ಮೆತು ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ. ಕುರುಗೋಡಿನ ಕಡೆಯಂಥ ಒಣ ಬಯಲಲ್ಲಿ ಹಳದಿ ಹೂ ಬಿಡುವ ಗಿಡವದು. ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸಿದರೆ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿಯುತ್ತದೆ. ನೂರಕ್ಕೆ ಸುಮಾರು ಒಂದೂವರೆ ಪಾಲು ಇಳಿದರೆ ಅಲಗು ಹಿಡಿಯುವ ಉಕ್ಕು. ನಾಲ್ಕು ಪಾಲಾದರೆ ಬೀಡು, ಬಡಿದರೆ ಒಡೆಯುತ್ತದೆ. ಅಳತೆ ಕುಶಲಿಗರ ಕೈಯಲ್ಲಿತ್ತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕು ‘ವೂಟ್ಸ್’ ಎಂಬ ಹೆಸರಲ್ಲಿ ಬಂತು. ಅದು ನಮ್ಮ ‘ಉಕ್ಕು’ ಎಂಬ ಮಾತೇ ಎಂದು ಹಲವರ ಅಭಿಪ್ರಾಯ. ತೆಲುಗಿನಲ್ಲೂ ಉಕ್ಕೇ, ಬಳ್ಳಾರಿಯಲ್ಲಿ ಕೂತು ಆ ಜಗಳ ತೆಗೆಯುವುದು ಬೇಡ. 1819ರಲ್ಲಿ ಅದನ್ನು ಪರೀಕ್ಷಿಸಿದ ಮೈಕೆಲ್ ಫ್ಯಾರಡೆ, ಅದರ ಗುಣಕ್ಕೆ ಅಲ್ಯೂಮಿನಿಯಂ, ಸಿಲಿಕಾ ಕಾರಣವೆಂದು ಊಹಿಸಿದ. ಕಾರಣ ಇಂಗಾಲವಾಗಿತ್ತು.

ಆ ಇಂಗಾಲವೇ ಮುಂದೆ ಕನ್ನಡ ನಾಡಿಗೆ ತಲೆನೋವಾಯಿತು. ಸಂಡೂರಿನ ಗುಡ್ಡಗಳಲ್ಲಿ, ಕೆಮ್ಮಣ್ಣುಗುಂಡಿಯಲ್ಲಿ ಬೇಕಾದಷ್ಟು ಅದಿರು. ಕಲ್ಲಿದ್ದಲು ಮಾತ್ರ ಇಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕುಲುಮೆ ಹೊತ್ತಿದಾಗ ಉರಿದದ್ದು ಮಲೆನಾಡಿನ ಕಾಡು. ಅದಿರಿನ ಆಮ್ಲಜನಕ ಕೀಳುವುದಕ್ಕೂ ಇದ್ದಿಲು, ಕಾವಿಗೂ ಇದ್ದಿಲು.

1948ರಲ್ಲಿ ಜೋಗದ ವಿದ್ಯುತ್ ಬಂತು. 1950ರ ದಶಕದಲ್ಲಿ ಭದ್ರಾವತಿ ವಿದ್ಯುತ್ ಕುಲುಮೆ ಹಾಕಿತು. ಎಲೆಕ್ಟ್ರೋಡುಗಳಿಂದ ಇಳಿದ ಕರೆಂಟು ಅದಿರು, ಕಿಟ್ಟಗಳ ನಡುವೆ ಹಾಯುವಾಗ ಅವುಗಳ ತಡೆಯಿಂದಲೇ ಕಾವು ಹುಟ್ಟುತ್ತದೆ. ಒಂದು ಟನ್ ಬೀಡಿಗೆ ಎರಡು ಸಾವಿರ ಯೂನಿಟ್ಟಿಗೂ ಹೆಚ್ಚು ಕರೆಂಟು ಬೇಕು. ಆದರೆ ಇದ್ದಿಲಿನ ಖರ್ಚು ಅರ್ಧದಷ್ಟಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ಭದ್ರಾವತಿಯ ಕಥೆಯಲ್ಲಿ ಕುಲುಮೆ ಹೊತ್ತಿದ ದಿನಕ್ಕಿಂತ ಈ ಬದಲಾವಣೆಯೇ ದೊಡ್ಡದು. ಕಾಡು ಪೂರ್ತಿ ಉಳಿಯಲಿಲ್ಲ ನಿಜ. ಕರೆಂಟು ಬೆಂಕಿಯ ಜಾಗ ಹಿಡಿಯಬಲ್ಲದು, ಇಂಗಾಲದ ಜಾಗವನ್ನಲ್ಲ.

ಕರಗಿದ ಕಬ್ಬಿಣ ಇಂಗಾಲವನ್ನು ತಾನಾಗಿ ಹೀರುತ್ತದೆ. ತಾಮ್ರ ಹತ್ತಿರಕ್ಕೂ ಸೇರಿಸುವುದಿಲ್ಲ. ಈಚೆಗೆ ಅಮೆರಿಕದಲ್ಲಿ ಕರಗಿದ ತಾಮ್ರ, ಅಲ್ಯೂಮಿನಿಯಂಗಳಿಗೆ ಇಂಗಾಲದ ಪುಡಿ ಕಲಸಿ, ಭಾರಿ ಕರೆಂಟು ಹರಿಸಿ, ಎರಡನ್ನೂ ಬೆಸೆಯುವ ಪ್ರಯೋಗಗಳು ನಡೆದಿವೆ. ಹೀಗೆ ಬಂದ ಲೋಹಕ್ಕೆ ‘ಕೊವೆಟಿಕ್’ ಎಂದು ಹೆಸರು. ಇಂಗಾಲ ನಿಜಕ್ಕೂ ಬೆಸೆದುಕೊಳ್ಳುತ್ತದೆಯೋ, ಬರೀ ಸಿಕ್ಕಿಕೊಂಡಿರುತ್ತದೆಯೋ ಎಂಬ ವಾದ ಇನ್ನೂ ನಡೆದೇ ಇದೆ.