ಲಾರಿ ತೂಕದ ಚೀಟಿ ತಪ್ಪುವುದು ಎಲ್ಲಿ? ವೇಬ್ರಿಡ್ಜ್ ಸಾಫ್ಟ್‌ವೇರ್ ಸೆಟ್ಟಿಂಗ್‌ಗಳ ಪೂರ್ಣ ಮಾಹಿತಿ

ಕಬ್ಬು, ಮೆಕ್ಕೆಜೋಳ, ಜಲ್ಲಿ, ಸಿಮೆಂಟ್, ಗುಜರಿ ಕಬ್ಬಿಣ... ಲಾರಿಯಲ್ಲಿ ಹೋಗುವ ಸರಕು ಯಾವುದೇ ಇರಲಿ, ಹಣದ ಲೆಕ್ಕ ನಿಲ್ಲುವುದು ವೇಬ್ರಿಡ್ಜ್‌ನಲ್ಲಿ ಸಿಗುವ ಒಂದು ಸಣ್ಣ ಚೀಟಿಯ ಮೇಲೆ. ದೆಹಲಿ ಕಡೆ ಇದಕ್ಕೆ ಧರ್ಮಕಾಂಟಾ ಎನ್ನುತ್ತಾರೆ, ಮುಂಬೈ-ಪುಣೆಯಲ್ಲಿ ವಜನ್ ಕಾಟಾ, ಚೆನ್ನೈಯಲ್ಲಿ ಎಡೈ ಮೇಡೈ. ಹೆಸರು ಬೇರೆಯಾದರೂ ಒಳಗಿನ ವ್ಯವಸ್ಥೆ ಎಲ್ಲೆಡೆ ಒಂದೇ. ಕ್ಯಾಬಿನ್‌ನಲ್ಲಿ ಒಂದು ಕಂಪ್ಯೂಟರ್, ಅದರಲ್ಲಿ ಒಂದು ಟಿಕೆಟಿಂಗ್ ಸಾಫ್ಟ್‌ವೇರ್, ಪಕ್ಕದಲ್ಲಿ ಕರಕರ ಸದ್ದು ಮಾಡುವ ಪ್ರಿಂಟರ್.

ತೂಕದಲ್ಲಿ ಮೋಸವಾಯಿತು ಎಂಬ ಜಗಳ ಬಂದಾಗ ಎಲ್ಲರ ಕಣ್ಣು ಹೋಗುವುದು ಲಾರಿ ನಿಲ್ಲುವ ಪ್ಲಾಟ್‌ಫಾರ್ಮ್ ಕಡೆಗೆ. ಆದರೆ ಪ್ಲಾಟ್‌ಫಾರ್ಮ್ ಸರಿಯಾಗಿದ್ದೂ ಚೀಟಿ ತಪ್ಪಬಹುದು. ಕಾರಣ, ಸಾಫ್ಟ್‌ವೇರ್‌ನಲ್ಲಿ ಯಾರೋ ಯಾವತ್ತೋ ಹಾಕಿಟ್ಟ, ಆಮೇಲೆ ಯಾರೂ ತೆರೆದು ನೋಡದ ಸೆಟ್ಟಿಂಗ್‌ಗಳು.

ತೂಕ ಹೇಳುವುದು ಒಬ್ಬರು, ಚೀಟಿ ಬರೆಯುವುದು ಇನ್ನೊಬ್ಬರು

ಪ್ಲಾಟ್‌ಫಾರ್ಮ್ ಕೆಳಗೆ ಲೋಡ್ ಸೆಲ್ ಎಂಬ ಸಂವೇದಕಗಳಿರುತ್ತವೆ. ಲಾರಿಯ ಭಾರಕ್ಕೆ ಅವು ತೀರಾ ಸಣ್ಣ ವಿದ್ಯುತ್ ಸಂಕೇತ ಕೊಡುತ್ತವೆ. ಎಲ್ಲ ಸೆಲ್‌ಗಳ ಸಂಕೇತ ಜಂಕ್ಷನ್ ಬಾಕ್ಸ್‌ನಲ್ಲಿ ಸೇರಿ ಇಂಡಿಕೇಟರ್‌ಗೆ ಬರುತ್ತದೆ. ಅದನ್ನು ಕಿಲೋಗ್ರಾಂ ಆಗಿ ತೋರಿಸುವುದು ಈ ಇಂಡಿಕೇಟರ್‌ನ ಕೆಲಸ. ಅಲ್ಲಿಂದ ಮುಂದೆ ಒಂದು ಕೇಬಲ್ ಮೂಲಕ ಅಂಕಿ ಕಂಪ್ಯೂಟರ್‌ಗೆ ಹೋಗುತ್ತದೆ.

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ ವೇಬ್ರಿಡ್ಜ್‌ಗೆ 12 ತಿಂಗಳಿಗೊಮ್ಮೆ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಕಡ್ಡಾಯ. ಪ್ರಮಾಣಿತ ತೂಕದ ಕಲ್ಲುಗಳನ್ನಿಟ್ಟು ನೋಡಿ, ಸರಿ ಇದ್ದರೆ ಸೀಲ್ ಹಾಕುತ್ತಾರೆ. ಆ ಸೀಲ್ ಕಾಯುವುದು ತೂಗುವ ಯಂತ್ರವನ್ನು. ಖಾಲಿ ಲಾರಿಯ ತೂಕ ಎಷ್ಟು ಎಂದು ಕಂಪ್ಯೂಟರ್‌ನಲ್ಲಿ ಬರೆದಿಟ್ಟಿರುವುದನ್ನು ಅದು ಕಾಯುವುದಿಲ್ಲ. ನಿವ್ವಳ ತೂಕ ಹುಟ್ಟುವುದು ಮಾತ್ರ ಕಂಪ್ಯೂಟರ್‌ನಲ್ಲೇ. ಇಷ್ಟು ಗೊತ್ತಿದ್ದರೆ ಮುಂದಿನದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇಂಡಿಕೇಟರ್ ಜತೆ ಸಂಪರ್ಕ

ಹೊಸ ಸಾಫ್ಟ್‌ವೇರ್ ಹಾಕಿದಾಗ ಮೊದಲು ತೆರೆಯಬೇಕಾದ ಪುಟ ಇದು. ಹೆಚ್ಚಿನ ಕಡೆ ಇನ್ನೂ ಆರ್‌ಎಸ್-232 ಸೀರಿಯಲ್ ಕೇಬಲ್ ಬಳಕೆಯಲ್ಲಿದೆ. ಕಾಮ್ ಪೋರ್ಟ್ ಸಂಖ್ಯೆ, ಬಾಡ್ ರೇಟ್, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ಈ ಐದೂ ಇಂಡಿಕೇಟರ್‌ನಲ್ಲಿ ಇರುವಂತೆಯೇ ಸಾಫ್ಟ್‌ವೇರ್‌ನಲ್ಲೂ ಇರಬೇಕು. 9600, 8, ಪ್ಯಾರಿಟಿ ಇಲ್ಲ, 1 ಎಂಬುದು ಸಾಮಾನ್ಯ ಜೋಡಣೆ. 2400ರಲ್ಲಿ ಕೆಲಸ ಮಾಡುವ ಇಂಡಿಕೇಟರ್‌ಗಳೂ ಸಾಕಷ್ಟಿವೆ. ಬಾಡ್ ರೇಟ್ ಹೊಂದದಿದ್ದರೆ ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಅಥವಾ ಏನೂ ಬರುವುದಿಲ್ಲ. ಇದು ಒಳ್ಳೆಯ ತಪ್ಪು, ಏಕೆಂದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಈಗಿನ ಕಂಪ್ಯೂಟರ್‌ಗಳಲ್ಲಿ ಸೀರಿಯಲ್ ಪೋರ್ಟ್ ಇರುವುದಿಲ್ಲವಾದ್ದರಿಂದ ಯುಎಸ್‌ಬಿ ಕನ್ವರ್ಟರ್ ಬಳಸುತ್ತಾರೆ. ಅದನ್ನು ಕಿತ್ತು ಬೇರೆ ಕಿಂಡಿಗೆ ಚುಚ್ಚಿದರೆ ಕಾಮ್ 3 ಇದ್ದದ್ದು ಕಾಮ್ 5 ಆಗಿಬಿಡಬಹುದು. "ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ತೂಕವೇ ಬರ್ತಿಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಸಂಖ್ಯೆ ನೋಡಿ ಸಾಫ್ಟ್‌ವೇರ್‌ನಲ್ಲಿ ಬದಲಿಸಿದರೆ ಸರಿಹೋಗುತ್ತದೆ.

ಅಪಾಯಕಾರಿ ತಪ್ಪು ಬೇರೆಯೇ ಇದೆ. ಕೆಲವು ಇಂಡಿಕೇಟರ್‌ಗಳು ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಕಳುಹಿಸುತ್ತವೆ. 012340 ಎಂಬುದು 043210 ಎಂದು ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ತಕ್ಕ ಆಯ್ಕೆ ಹಾಕದಿದ್ದರೆ 12,340 ಕೆ.ಜಿ. ಲಾರಿ 43,210 ಕೆ.ಜಿ. ಎಂದು ದಾಖಲಾಗುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ ನಿಜ. ಆದರೆ ಎಲ್ಲಿಂದ ಎಲ್ಲಿಯವರೆಗಿನ ಅಕ್ಷರಗಳನ್ನು ಓದಬೇಕು ಎಂಬ ಸೆಟ್ಟಿಂಗ್ ಒಂದು ಸ್ಥಾನ ಆಚೀಚೆಯಾದರೂ ಇಂಥದ್ದೇ ಎಡವಟ್ಟು, ಹತ್ತು ಪಟ್ಟು ಕಡಿಮೆಯೋ ಹೆಚ್ಚೋ. ಹೀಗಾಗಿ ಸೆಟ್ಟಿಂಗ್ ಮುಗಿಸಿದ ಮೇಲೆ ಖಾಲಿ ಪ್ಲಾಟ್‌ಫಾರ್ಮ್, ಒಬ್ಬ ಮನುಷ್ಯ, ಖಾಲಿ ಲಾರಿ, ತುಂಬಿದ ಲಾರಿ, ಈ ನಾಲ್ಕನ್ನೂ ನಿಲ್ಲಿಸಿ ಇಂಡಿಕೇಟರ್ ಅಂಕಿ ಮತ್ತು ಪರದೆಯ ಅಂಕಿ ಹೋಲಿಸುವುದು ಒಳ್ಳೆಯದು.

ಅಲುಗಾಡುವ ಲಾರಿ, ಸೊನ್ನೆಗೆ ಬಾರದ ಕಾಟಾ

ಲಾರಿ ಹತ್ತಿದ ತಕ್ಷಣ ಅಂಕಿ ಮೇಲೆ ಕೆಳಗೆ ಓಡುತ್ತಿರುತ್ತದೆ. ಅಂಕಿ ಇಷ್ಟು ಸೆಕೆಂಡ್ ಬದಲಾಗದೆ ನಿಂತ ಮೇಲಷ್ಟೇ ಸೇವ್ ಬಟನ್ ಕೆಲಸ ಮಾಡಬೇಕು ಎಂಬ ಸೆಟ್ಟಿಂಗ್ ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಇದೆ. ಮೂರರಿಂದ ಐದು ಸೆಕೆಂಡ್ ಇಟ್ಟರೆ ಸಾಕು. ಕಬ್ಬಿನ ಸೀಸನ್‌ನಲ್ಲಿ ಕಾರ್ಖಾನೆ ಗೇಟಿನಿಂದ ರಸ್ತೆವರೆಗೆ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಇದನ್ನು ಆಫ್ ಮಾಡುವ ಆಸೆ ಹುಟ್ಟುವುದು ಸಹಜ. ಆಫ್ ಮಾಡಿದರೆ ಉಳಿಯುವುದು ಗಾಡಿಗೆ ನಾಲ್ಕು ಸೆಕೆಂಡ್, ಕಳೆಯುವುದು ಚೀಟಿಯ ಮೇಲಿನ ನಂಬಿಕೆ.

ಇನ್ನೊಂದು, ಸೊನ್ನೆಯ ಬೀಗ. ಹಿಂದಿನ ಲಾರಿ ಇಳಿದ ಮೇಲೆ ಅಂಕಿ ಸೊನ್ನೆಯ ಹತ್ತಿರ, ಅಂದರೆ ಒಂದೆರಡು ವಿಭಾಗದೊಳಗೆ ಬಾರದೆ ಮುಂದಿನ ತೂಕ ತೆಗೆದುಕೊಳ್ಳಬಾರದು ಎಂದು ಸಾಫ್ಟ್‌ವೇರ್‌ಗೆ ಹೇಳಿಡಬಹುದು. ಮಳೆಗಾಲದಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಕೆಸರು ಕುಳಿತು 40 ಕೆ.ಜಿ. ತೋರಿಸುತ್ತಿದೆ ಎಂದುಕೊಳ್ಳಿ. ಒಂದೇ ಲಾರಿಯನ್ನು ತುಂಬಿದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ ತೂಗಿದರೆ ಆ 40 ಕೆ.ಜಿ. ಎರಡರಲ್ಲೂ ಇದ್ದು ಕಳೆಯುವಾಗ ಹೋಗಿಬಿಡುತ್ತದೆ. ಖಾಲಿ ತೂಕವನ್ನು ಹಳೆಯ ದಾಖಲೆಯಿಂದ ಎತ್ತಿಕೊಂಡರೆ ಹೋಗುವುದಿಲ್ಲ, ಸರಕಿನ ಲೆಕ್ಕಕ್ಕೆ ಸೇರುತ್ತದೆ.

ಗಾಡಿ ಅಡ್ಡಾದಿಡ್ಡಿ ನಿಂತು ಒಂದು ಚಕ್ರ ಪ್ಲಾಟ್‌ಫಾರ್ಮ್‌ನಿಂದ ಹೊರಗಿದ್ದರೆ ತೂಕ ಕಡಿಮೆ ಬರುತ್ತದೆ. ಎರಡೂ ತುದಿಗೆ ಇನ್‌ಫ್ರಾರೆಡ್ ಸೆನ್ಸರ್ ಇದ್ದರೆ ಅದನ್ನು ಸಾಫ್ಟ್‌ವೇರ್‌ಗೆ ಜೋಡಿಸಬೇಕು. ಇಲ್ಲದಿದ್ದರೆ ಆಪರೇಟರ್ ಎದ್ದು ಕಿಟಕಿಯಿಂದ ನೋಡಬೇಕು, ಬೇರೆ ದಾರಿ ಇಲ್ಲ.

ನಿಜವಾದ ಜಗಳ ಟೇರ್‌ನಲ್ಲಿ

ಖಾಲಿ ಗಾಡಿಯ ತೂಕವೇ ಟೇರ್. ಒಟ್ಟು ತೂಕದಿಂದ ಟೇರ್ ಕಳೆದರೆ ನಿವ್ವಳ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಎರಡು ದಾರಿ ಇರುತ್ತದೆ. ಒಂದು, ಪ್ರತಿ ಸಲ ಎರಡು ಬಾರಿ ತೂಗುವುದು. ಇನ್ನೊಂದು, ಗಾಡಿ ನಂಬರ್ ಹೊಡೆದ ತಕ್ಷಣ ಹಿಂದೆ ಉಳಿಸಿಟ್ಟ ಟೇರ್ ತಾನಾಗಿ ಬರುವುದು. ಎರಡನೆಯದು ಬೇಗ ಮುಗಿಯುತ್ತದೆ, ಅದೇ ಅದರ ಆಕರ್ಷಣೆ.

ಆದರೆ ಖಾಲಿ ಲಾರಿಯ ತೂಕ ಸ್ಥಿರವಲ್ಲ. 300 ಲೀಟರ್ ಡೀಸೆಲ್ ಎಂದರೆ ಸುಮಾರು 250 ಕೆ.ಜಿ. ಟ್ಯಾಂಕ್ ತುಂಬಿದ್ದಾಗ ತೆಗೆದ ಟೇರ್ ಉಳಿಸಿಟ್ಟು, ಟ್ಯಾಂಕ್ ಬರಿದಾಗುವ ಹೊತ್ತಿಗೆ ಕಬ್ಬು ತಂದರೆ ರೈತನ ಲೆಕ್ಕದಿಂದ ಹತ್ತಿರ ಹತ್ತಿರ 250 ಕೆ.ಜಿ. ಮಾಯ. 2025-26ರ ಹಂಗಾಮಿಗೆ ಕೇಂದ್ರ ನಿಗದಿಪಡಿಸಿದ ಎಫ್‌ಆರ್‌ಪಿ, ಶೇ 10.25 ಇಳುವರಿಗೆ, ಕ್ವಿಂಟಲ್‌ಗೆ 355 ರೂ. ಆ ದರದಲ್ಲಿ ಒಂದು ಟ್ರಿಪ್‌ಗೆ ಸುಮಾರು 887 ರೂ. ನಷ್ಟ. ಇಲ್ಲಿ ಯಾರೂ ಕಳ್ಳತನ ಮಾಡಿಲ್ಲ, ಕಾಟಾ ಕೂಡ ಸರಿಯಾಗಿಯೇ ಇದೆ. ಜಲ್ಲಿ ಕ್ರಷರ್‌ನಲ್ಲಿ ಇದೇ ಲೆಕ್ಕ ಉಲ್ಟಾ: ಟೇರ್ ತೆಗೆದಾಗ ಟ್ಯಾಂಕ್ ಖಾಲಿ, ಜಲ್ಲಿ ತುಂಬುವಾಗ ಟ್ಯಾಂಕ್ ಭರ್ತಿ. ಮನೆ ಕಟ್ಟಿಸುವವರು ಡೀಸೆಲ್‌ಗೂ ಜಲ್ಲಿಯ ದುಡ್ಡು ಕೊಡುತ್ತಾರೆ. ಸ್ಟೆಪ್ನಿ, ಟಾರ್ಪಾಲಿನ್, ಹಗ್ಗ, ಟ್ರಾಲಿಗೆ ಅಂಟಿದ ಮಣ್ಣು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ರೈತರಿಂದ ಖರೀದಿಸುವ ಕಡೆ ಎರಡು ಬಾರಿ ತೂಗುವುದನ್ನೇ ಕಡ್ಡಾಯ ಮಾಡುವುದು ಸರಿಯಾದ ಕ್ರಮ. ಉಳಿಸಿಟ್ಟ ಟೇರ್ ಬೇಕೇ ಬೇಕು ಎಂದಾದರೆ ಅದಕ್ಕೆ ಅವಧಿ ಹಾಕಬೇಕು. ಒಂದು ದಿನ ಅಥವಾ ಒಂದು ಪಾಳಿ ಮುಗಿದ ಮೇಲೆ ಆ ಟೇರ್ ಅಮಾನ್ಯವಾಗಬೇಕು. ಜತೆಗೆ ಹೊಸ ಟೇರ್ ಹಳೆಯದಕ್ಕಿಂತ 100 ಕೆ.ಜಿ.ಗಿಂತ ಹೆಚ್ಚು ಬೇರೆಯಾದರೆ ಪರದೆ ಮೇಲೆ ಎಚ್ಚರಿಕೆ ಬರುವಂತೆ ಇಡಬಹುದು. ಚೀಟಿಯಲ್ಲಿ ಟೇರ್ ಪಕ್ಕ ಅದನ್ನು ತೂಗಿದ ದಿನಾಂಕ, ಸಮಯ ಅಚ್ಚಾಗುವುದು ಎಲ್ಲಕ್ಕಿಂತ ಮುಖ್ಯ. ಸಮಯ ಇಲ್ಲದ ಟೇರ್ ಎಂದರೆ ಯಾವತ್ತಿನದ್ದೋ ಏನೋ ಎಂದೇ ಅರ್ಥ.

ಗಾಡಿ ನಂಬರ್ ನಮೂದಿಸುವ ರೀತಿಯೂ ಇಲ್ಲಿಗೇ ಸಂಬಂಧಿಸಿದ್ದು. ನಡುವೆ ಜಾಗ ಬಿಟ್ಟು ಒಮ್ಮೆ, ಬಿಡದೆ ಇನ್ನೊಮ್ಮೆ ಟೈಪ್ ಮಾಡಿದರೆ ಸಾಫ್ಟ್‌ವೇರ್ ಪಾಲಿಗೆ ಅವು ಎರಡು ಗಾಡಿ, ಎರಡು ಟೇರ್. ಜಾಗ ಮತ್ತು ಅಡ್ಡಗೆರೆಯನ್ನು ತಾನಾಗಿ ತೆಗೆದುಹಾಕುವ ಆಯ್ಕೆ ಇದ್ದರೆ ಆನ್ ಮಾಡಿಡಬೇಕು. 50,000 ರೂ. ಮೀರಿದ ಸರಕಿಗೆ ಇ-ವೇ ಬಿಲ್ ಬೇಕಾಗುವುದರಿಂದ ಅದರಲ್ಲಿರುವ ನಂಬರ್‌ಗೂ ಚೀಟಿಯ ನಂಬರ್‌ಗೂ ತಾಳೆಯಾಗದಿದ್ದರೆ ದಾರಿಯಲ್ಲಿ ತಪಾಸಣೆ ವೇಳೆ ಚಾಲಕ ಉತ್ತರ ಕೊಡಬೇಕಾಗುತ್ತದೆ.

ಕ್ವಿಂಟಲ್ ಮಾಡುವಾಗ ಕಳೆದುಹೋಗುವ ಕಿಲೋ

60 ಟನ್ ಸಾಮರ್ಥ್ಯದ ವೇಬ್ರಿಡ್ಜ್‌ನಲ್ಲಿ ಸಾಮಾನ್ಯವಾಗಿ ಅಂಕಿ 10 ಕೆ.ಜಿ. ಹೆಜ್ಜೆಯಲ್ಲಿ ಬದಲಾಗುತ್ತದೆ. ಸಾಫ್ಟ್‌ವೇರ್‌ನಲ್ಲೂ ಅದೇ ವಿಭಾಗ ಇರಬೇಕು. ಚೀಟಿಯಲ್ಲಿ 23,463 ಎಂದು ಬಂದರೆ ಆ 3 ಎಲ್ಲಿಂದ ಬಂತು ಎಂದು ಕೇಳಬೇಕಾಗುತ್ತದೆ, ಏಕೆಂದರೆ ಕಾಟಾಕ್ಕೆ ಅದನ್ನು ತೋರಿಸುವ ಶಕ್ತಿಯೇ ಇಲ್ಲ.

ಕ್ವಿಂಟಲ್‌ಗೆ ಬದಲಿಸುವಾಗ ಎರಡು ದಶಮಾಂಶ ಸ್ಥಾನ ಉಳಿಸಬೇಕು. 23,460 ಕೆ.ಜಿ. ಎಂದರೆ 234.60 ಕ್ವಿಂಟಲ್. ದಶಮಾಂಶ ಸೊನ್ನೆ ಎಂದು ಇಟ್ಟು ಕೆಳಕ್ಕೆ ಇಳಿಸಿದರೆ ಅದು 234 ಆಗಿ, 60 ಕೆ.ಜಿ. ಹೋಗುತ್ತದೆ. ಮೇಲಿನ ದರದಲ್ಲೇ 213 ರೂ. ಹಂಗಾಮು ಪೂರ್ತಿ ಲೆಕ್ಕ ಹಾಕಿದರೆ ಸಣ್ಣ ಮೊತ್ತವಲ್ಲ. ತೇವಾಂಶ, ಕಸ, ಚೀಲದ ತೂಕ ಎಂದು ಕಡಿತ ಹಾಕುವ ಕಡೆ, ಕಡಿತವನ್ನು ನಿವ್ವಳ ತೂಕದೊಳಗೆ ಮುಚ್ಚಿಡದೆ ಬೇರೆ ಸಾಲಿನಲ್ಲಿ ಅಚ್ಚಾಗುವಂತೆ ಇಡಬೇಕು. ಒಳಗೇ ಕಳೆದುಬಿಡುವ ಆಯ್ಕೆಯನ್ನು ಸಾಫ್ಟ್‌ವೇರ್ ಕೊಟ್ಟಿದೆ ಎಂದ ಮಾತ್ರಕ್ಕೆ ಬಳಸಬೇಕೆಂದಿಲ್ಲ.

ಕೈಯಿಂದ ತೂಕ ಹೊಡೆಯುವ ಆಯ್ಕೆ

ಕೇಬಲ್ ಕೆಟ್ಟಾಗ ಕೆಲಸ ನಿಲ್ಲಬಾರದು ಎಂದು ಮ್ಯಾನುವಲ್ ಎಂಟ್ರಿ ಕೊಟ್ಟಿರುತ್ತಾರೆ. ಇದು ಎಲ್ಲರಿಗೂ ತೆರೆದಿದ್ದರೆ ಕೆಳಗಿರುವ ಲೋಡ್ ಸೆಲ್, ಇಲಾಖೆಯ ಸೀಲ್ ಎಲ್ಲವೂ ಅಲಂಕಾರಕ್ಕಷ್ಟೇ. ಆಪರೇಟರ್‌ಗೆ ಇದನ್ನು ಮುಚ್ಚಿ, ಮ್ಯಾನೇಜರ್ ಪಾಸ್‌ವರ್ಡ್‌ಗೆ ಮಾತ್ರ ಬಿಡಬೇಕು. ಹಾಗೆ ಹೊಡೆದ ಚೀಟಿಯ ಮೇಲೆ "ಮ್ಯಾನುವಲ್" ಎಂದು ದಪ್ಪ ಅಕ್ಷರದಲ್ಲಿ ಬರಬೇಕು.

ಪಾಸ್‌ವರ್ಡ್ ಒಂದನ್ನೇ ಮೂರು ಪಾಳಿಯವರೂ ಹಂಚಿಕೊಳ್ಳುವುದು ಎಷ್ಟೋ ಕಡೆ ರೂಢಿ. ಅಲ್ಲಿ ಯಾರು ಏನು ಬದಲಿಸಿದರು ಎಂಬ ದಾಖಲೆ ಇದ್ದೂ ಇಲ್ಲದಂತೆ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಬೇಕು. ಚೀಟಿ ಸಂಖ್ಯೆ ಸಾಲಾಗಿ ಹೋಗಬೇಕು, ತಪ್ಪಾದ ಚೀಟಿ ರದ್ದು ಎಂದು ಉಳಿಯಬೇಕೇ ಹೊರತು ಅಳಿಸಿಹೋಗಬಾರದು. ಎರಡನೇ ಸಲ ಮುದ್ರಿಸಿದರೆ ನಕಲು ಪ್ರತಿ ಎಂದು ನಮೂದಾಗಬೇಕು. ಕ್ಯಾಮೆರಾ ಇದ್ದರೆ ಸೇವ್ ಒತ್ತಿದ ಕ್ಷಣದ ಚಿತ್ರ ಚೀಟಿ ಸಂಖ್ಯೆಯೊಂದಿಗೆ ಉಳಿಯುವಂತೆ ಜೋಡಿಸಬಹುದು. ಗಾಡಿಯೇ ಇಲ್ಲದೆ ಚೀಟಿ ಹುಟ್ಟುವುದಕ್ಕೆ ಇದೇ ತಡೆ.

ಓವರ್‌ಲೋಡ್ ಮಿತಿ, ಬಂದರಿನ ಕಂಟೇನರ್

ಗಾಡಿಯ ಮಿತಿ ಮೀರಿದರೆ ಎಚ್ಚರಿಸುವ ಸೌಲಭ್ಯವೂ ಇದೆ. ಆದರೆ ಹಳೆಯ ಪಟ್ಟಿ ಹಾಗೇ ಉಳಿದಿರಬಾರದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಹೆಚ್ಚಿಸಿದಾಗ ಮೂರು ಆಕ್ಸಲ್‌ನ ಲಾರಿಯ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು. ಅದಕ್ಕೂ ಮೊದಲೇ ನೋಂದಣಿಯಾದ ಲಾರಿಗೆ ಅದರ ಆರ್‌ಸಿಯಲ್ಲಿ ಬರೆದಿರುವ ತೂಕವನ್ನೇ ನಮೂದಿಸುವುದು ಕ್ಷೇಮ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಹೆಚ್ಚುವರಿ ಭಾರಕ್ಕೆ ದಂಡ 20,000 ರೂ., ಅದರ ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂ. ಗೇಟಿನಲ್ಲೇ ಗೊತ್ತಾದರೆ ಇಳಿಸಬಹುದು, ಹೆದ್ದಾರಿಯಲ್ಲಿ ಗೊತ್ತಾದರೆ ಕಟ್ಟಬೇಕು.

ಮುಂಬೈ ಸುತ್ತಮುತ್ತ ಸಾರಿಗೆ ವ್ಯವಹಾರದಲ್ಲಿರುವ ಕನ್ನಡಿಗರಿಗೆ ನ್ಹಾವಾ ಶೇವಾ ಬಂದರಿನ ವಿಜಿಎಂ ಚೀಟಿ ಪರಿಚಿತ. 2016ರ ಜುಲೈ 1ರಿಂದ ರಫ್ತು ಕಂಟೇನರ್‌ನ ದೃಢೀಕೃತ ಒಟ್ಟು ತೂಕ ಕೊಡದೆ ಹಡಗಿಗೆ ಏರಿಸುವಂತಿಲ್ಲ. ಇಲ್ಲಿ ಬೇಕಾದದ್ದು ಕಂಟೇನರ್ ಮತ್ತು ಅದರೊಳಗಿನ ಸರಕು ಸೇರಿದ ತೂಕ. ಅಂದರೆ ಕಳೆಯಬೇಕಾದ್ದು ಲಾರಿ ಮತ್ತು ಟ್ರೇಲರ್‌ನ ತೂಕ ಮಾತ್ರ, ಖಾಲಿ ಕಂಟೇನರ್‌ನದ್ದಲ್ಲ. ಸಾಮಾನ್ಯ ನಿವ್ವಳ ತೂಕದ ನಮೂನೆಯನ್ನೇ ಇದಕ್ಕೂ ಬಳಸಿದರೆ ಅಂಕಿ ತಪ್ಪುತ್ತದೆ. ವಿಜಿಎಂಗೆ ಬೇರೆ ಟಿಕೆಟ್ ನಮೂನೆ ಮಾಡಿಡುವುದು ವಾಸಿ.

ಮುದ್ರಣ, ಭಾಷೆ, ಗಡಿಯಾರ

ಕಾರ್ಬನ್ ಪ್ರತಿ ಬೇಕಾಗುವುದರಿಂದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಹೋಗಿಲ್ಲ. ಅದರ ಟೆಕ್ಸ್ಟ್ ಮೋಡ್‌ನಲ್ಲಿ ಕನ್ನಡ ಅಕ್ಷರ ಬರುವುದಿಲ್ಲ, ಗ್ರಾಫಿಕ್ ಮೋಡ್‌ನಲ್ಲಿ ಬರುತ್ತದೆ, ಸ್ವಲ್ಪ ನಿಧಾನ. ಚೀಟಿ ಹಿಡಿಯುವ ರೈತನಿಗೆ ಓದಲು ಬರಬೇಕೆಂದರೆ ಈ ನಿಧಾನ ಸಹಿಸಬಹುದು. ಕನಿಷ್ಠ ತಲೆಬರಹಗಳಾದರೂ ಸ್ಥಳೀಯ ಭಾಷೆಯಲ್ಲಿರಲಿ. ದಿನಾಂಕವನ್ನು ದಿನ-ತಿಂಗಳು-ವರ್ಷ ಕ್ರಮದಲ್ಲಿ ಇಡಬೇಕು. ಹಳೆಯ ಕಂಪ್ಯೂಟರ್‌ನ ಒಳಗಿನ ಬ್ಯಾಟರಿ ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಇಂಟರ್ನೆಟ್ ಸಮಯದ ಜತೆ ಹೊಂದಿಸಿಟ್ಟರೆ ಆ ತೊಂದರೆ ಇಲ್ಲ. ದಿನಕ್ಕೊಮ್ಮೆ ಬ್ಯಾಕಪ್ ಬೇರೆ ಡಿಸ್ಕ್‌ಗೆ ಹೋಗಲಿ.

ಚೀಟಿ ಕೈಗೆ ಬಂದಾಗ ನೋಡಬೇಕಾದದ್ದು

ಹೊರಗಿನ ದೊಡ್ಡ ಡಿಸ್‌ಪ್ಲೇ ಇಂಡಿಕೇಟರ್‌ಗೇ ನೇರವಾಗಿ ಜೋಡಿಸಿದ್ದರೆ ಅದರ ಅಂಕಿಯೂ ಚೀಟಿಯ ಅಂಕಿಯೂ ಒಂದೇ ಇರಬೇಕು. ಗಾಡಿ ಇಳಿಯುವ ಮೊದಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬಹುದು. ಗಾಡಿ ಹತ್ತುವ ಮೊದಲು ಅದು ಸೊನ್ನೆ ತೋರಿಸುತ್ತಿದೆಯೇ, ಟೇರ್‌ನ ಸಮಯ ಇವತ್ತಿನದ್ದೇ, ಕ್ಯಾಬಿನ್ ಗೋಡೆಯಲ್ಲಿರುವ ಪರಿಶೀಲನಾ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ನೋಡುವುದಕ್ಕೆ ಎರಡು ನಿಮಿಷ ಸಾಕು.

ಎರಡು ಕಾಟಾಗಳ ನಡುವೆ ಅಲ್ಪ ವ್ಯತ್ಯಾಸ ಬಂದ ತಕ್ಷಣ ಮೋಸ ಎನ್ನುವಂತಿಲ್ಲ. 10 ಕೆ.ಜಿ. ವಿಭಾಗದ ವೇಬ್ರಿಡ್ಜ್‌ಗೆ 25 ಟನ್ ಭಾರದಲ್ಲಿ ಇಲಾಖೆಯ ಪರಿಶೀಲನೆ ವೇಳೆ 15 ಕೆ.ಜಿ.ವರೆಗೆ, ಬಳಕೆಯಲ್ಲಿರುವಾಗ ಅದರ ಎರಡರಷ್ಟು ಆಚೀಚೆ ಇರಲು ನಿಯಮದಲ್ಲೇ ಅವಕಾಶವಿದೆ. ವ್ಯತ್ಯಾಸ ಇನ್ನೂರು ಮುನ್ನೂರು ಕೆ.ಜಿ. ಆದರೆ ಮಾತು ಬೇರೆ. ಮೊದಲು ಎರಡೂ ಚೀಟಿಗಳ ಒಟ್ಟು ತೂಕವನ್ನು ಹೋಲಿಸಬೇಕು. ಒಟ್ಟು ತೂಕ ಒಂದೇ ಇದ್ದು ನಿವ್ವಳ ಮಾತ್ರ ಬೇರೆಯಾದರೆ ಹುಡುಕಬೇಕಾದದ್ದು ಸಾಫ್ಟ್‌ವೇರ್‌ನ ಟೇರ್ ಪುಟದಲ್ಲಿ. ಒಟ್ಟು ತೂಕವೇ ಬೇರೆಯಾಗಿದ್ದರೆ ಎರಡೂ ಚೀಟಿಗಳನ್ನಿಟ್ಟುಕೊಂಡು ಆಯಾ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಗ್ರಾಹಕರಾಗಿ ಸರಕು ಕೊಂಡವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ.