ಗಿರಣಿಯಲ್ಲಿ ಹುಟ್ಟಿದ ವಿದ್ಯುತ್ ವಿಭವ

ಪಿಯುಸಿ ವಿದ್ಯಾರ್ಥಿಗಳನ್ನು ಎಡವಿಸುವ ಪ್ರಶ್ನೆಯೊಂದಿದೆ. ಒಂದು ಸ್ಥಳದಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆಯಾದರೆ ಅಲ್ಲಿ ವಿದ್ಯುತ್ ವಿಭವವೂ ಸೊನ್ನೆಯಾಗಬೇಕೇ? ಹಲವರು ‘ಹೌದು’ ಎಂದೇ ಬರೆದುಬಿಡುತ್ತಾರೆ. ಎರಡನ್ನೂ ಸೂತ್ರಗಳಾಗಿ ಬಾಯಿಪಾಠ ಮಾಡಿದರೆ ಹೀಗಾಗುತ್ತದೆ. ಇವು ಹುಟ್ಟಿದ ಕಥೆ ತಿಳಿದರೆ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ.

ಎರಡು ವಿದ್ಯುದಾವೇಶಗಳ ನಡುವಿನ ಬಲದ ನಿಯಮವನ್ನು ಫ್ರಾನ್ಸಿನ ಕೂಲಂಬ್ 1785ರಲ್ಲಿ ತೋರಿಸಿಕೊಟ್ಟಿದ್ದರು. ಆದರೆ ಆವೇಶವು ಲೋಹದ ಮೈಯೆಲ್ಲ ಹರಡಿದ್ದರೆ? ಪ್ರತಿಯೊಂದು ಬಲಕ್ಕೂ ದಿಕ್ಕಿದೆ. ದಿಕ್ಕು ನೋಡಿ ಕೂಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಇದಕ್ಕೆ ದಾರಿ ತೋರಿದವರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಜಾರ್ಜ್ ಗ್ರೀನ್ ಒಬ್ಬರು. ರೊಟ್ಟಿ ವ್ಯಾಪಾರಿಯ ಮಗ. ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ ಮಾತ್ರ. ತಂದೆಯ ಗಾಳಿಗಿರಣಿಯಲ್ಲಿ ದುಡಿಯುತ್ತಲೇ ಗಣಿತ ಕಲಿತರು. 1828ರಲ್ಲಿ ಪ್ರಬಂಧವೊಂದನ್ನು ಅಚ್ಚು ಹಾಕಿಸಿದಾಗ ಮುಂಗಡ ಚಂದಾದಾರರಾದವರು 51 ಮಂದಿ. ಅವರಲ್ಲಿ ಎಷ್ಟು ಮಂದಿಗೆ ಅದು ಅರ್ಥವಾಗಿತ್ತೋ!

ದಿಕ್ಕಿಲ್ಲದ ಬರಿಯ ಸಂಖ್ಯೆಯೊಂದನ್ನು ಪ್ರತಿ ಬಿಂದುವಿಗೂ ಕೊಡುವ ಉಪಾಯ ಫ್ರೆಂಚ್ ಗಣಿತಜ್ಞರಿಗೆ ಮೊದಲೇ ಗೊತ್ತಿತ್ತು. ಗ್ರೀನ್ ಅದಕ್ಕೆ ‘ಪೊಟೆನ್ಶಿಯಲ್ ಫಂಕ್ಷನ್’ ಎಂದು ಹೆಸರಿಟ್ಟು, ವಿದ್ಯುತ್ತಿಗೂ ಕಾಂತತೆಗೂ ವ್ಯಾಪಕವಾಗಿ ಅನ್ವಯಿಸಿದರು. ಅದೇ ನಮ್ಮ ವಿಭವ. ವಿಭವವನ್ನು ನೆಲದ ಎತ್ತರವೆಂದುಕೊಳ್ಳಿ, ಕ್ಷೇತ್ರವನ್ನು ಇಳಿಜಾರೆಂದುಕೊಳ್ಳಿ. ಬೆಟ್ಟದ ಮೇಲೊಂದು ಸಮತಟ್ಟಾದ ಬಯಲಿದ್ದರೆ ಎತ್ತರ ಬಹಳ, ಆದರೆ ಅಲ್ಲಿಟ್ಟ ಚೆಂಡು ಉರುಳದು. 3 ಮಿಲಿಮೀಟರ್ ಅಂತರದ ಎರಡು ಸಮಾಂತರ ಫಲಕಗಳಿಗೆ 12 ವೋಲ್ಟಿನ ಬ್ಯಾಟರಿ ಜೋಡಿಸಿದರೆ ನಡುವಿನ ಕ್ಷೇತ್ರ ಮೀಟರಿಗೆ 4000 ವೋಲ್ಟ್. ಅಂತರ ಹೆಚ್ಚಿಸಿ, ಇಳಿಜಾರು ಕಡಿಮೆಯಾಗುತ್ತದೆ. ವಿಭವಾಂತರ ಮಾತ್ರ ಅದೇ 12.

ಆ ಬಯಲಿನಲ್ಲಿ ನಿಜಕ್ಕೂ ನಿಂತು ನೋಡಿದವರು ಮೈಕೇಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತವರು. ಗಣಿತ ಬಾರದು, ಅವರಿಗೆ ಕಂಡದ್ದು ಜಾಗವನ್ನೆಲ್ಲ ತುಂಬಿದ ಬಲರೇಖೆಗಳು. ಕ್ಷೇತ್ರದ ಕಲ್ಪನೆ ಬೆಳೆದದ್ದು ಅಲ್ಲಿಂದ. 1836ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 12 ಅಡಿಯ ಚೌಕ ಕೋಣೆ ಕಟ್ಟಿಸಿ, ಅದಕ್ಕೆ ಲೋಹದ ಹೊದಿಕೆ ಹಾಕಿ, ನೆಲಕ್ಕೆ ತಾಗದಂತೆ ಇರಿಸಿ, ತಾವೇ ಒಳಗೆ ಹೋದರು. ಕೋಣೆಗೆ ಯಂತ್ರದಿಂದ ಆವೇಶ ತುಂಬಿಸಲಾಯಿತು. ಹೊರಮೈಯಿಂದ ಕಿಡಿಗಳು ಹಾರಿದವು. ಒಳಗಿನ ಸೂಕ್ಷ್ಮ ಉಪಕರಣಗಳು ಅಲುಗಲಿಲ್ಲ. ವಿಭವ ಏರಿತ್ತು, ಕ್ಷೇತ್ರ ಸೊನ್ನೆ!

ಗ್ರೀನ್ 40ನೇ ವಯಸ್ಸಿನಲ್ಲಿ ಕೇಂಬ್ರಿಜ್ ಸೇರಿ ಪದವಿ ಪಡೆದರು, 1841ರಲ್ಲಿ ತೀರಿಕೊಂಡರು. 1845ರಲ್ಲಿ ವಿಲಿಯಂ ಥಾಮ್ಸನ್ ಎಂಬ ತರುಣನಿಗೆ (ಮುಂದೆ ಲಾರ್ಡ್ ಕೆಲ್ವಿನ್) ಆ ಪ್ರಬಂಧದ ಪ್ರತಿ ಗುರುಗಳಿಂದ ದೊರೆಯಿತು. ಆತ ಅದನ್ನು ಪ್ಯಾರಿಸ್ಸಿಗೆ ಒಯ್ದು ಗಣಿತಜ್ಞರಿಗೆ ತೋರಿಸಿದ. 1850ರಿಂದ ಬರ್ಲಿನ್ನಿನ ಗಣಿತ ಪತ್ರಿಕೆಯಲ್ಲಿ ಅದು ಕಂತುಗಳಾಗಿ ಮರುಮುದ್ರಣವಾಯಿತು.